ಬಚ್ಚಲುಮನೆಯ ಬೆಂಕಿಗೆ ಉಸಿರೆಲ್ಲಿಂದ?

ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹುಣಸೆಹುಳಿ ಹಚ್ಚಿ ಬೆಳಗಿದ ತಾಮ್ರದ ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೂವೇರಿಸಿ, ಹೊಸ ನೀರು ತುಂಬಿ, ಮರುದಿನ ಬೆಳಗಿನ ಜಾವದ ಎಣ್ಣೆನೀರಿಗೆ ಅಣಿಮಾಡುವ ಈ ಆಚರಣೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ. ನಗರದ ಮನೆಗಳಲ್ಲಿ ಮಾತ್ರ ಹಂಡೆ ಅಟ್ಟವೇರಿದೆ. ಅದರ ಜಾಗದಲ್ಲಿ ಗೋಡೆಗೆ ತೂಗುಬಿಟ್ಟ ಒಂದು ಬಿಳಿಯ ಪೆಟ್ಟಿಗೆ ಬಂದಿದೆ. ಹಬ್ಬದ ದಿನ ಆ ಪೆಟ್ಟಿಗೆಗೂ ವಿಭೂತಿ ಕುಂಕುಮ ಹಚ್ಚುವ ತಾಯಂದಿರನ್ನು ನಾವು ಬಲ್ಲೆವು. ಹಚ್ಚಲಿ, ಸಂತೋಷವೇ. ಹಂಡೆ ಹೋಗಿ ಗ್ಯಾಸ್ ಗೀಸರ್ ಬಂದುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಹಂಡೆಯ ಜೊತೆಗೆ ಇನ್ನೊಂದು ವಸ್ತುವೂ ನಮ್ಮ ಮನೆಗಳಿಂದ ಸದ್ದಿಲ್ಲದೆ ಹೊರಟುಹೋಯಿತು. ಅದು ಬೆಂಕಿಗೆ ಗಾಳಿ ಬರುವ ದಾರಿ, ಬೆಂಕಿಯ ಉಚ್ಛ್ವಾಸ ಹೊರಗೆ ಹೋಗುವ ದಾರಿ. ಅದು ಹೋದುದನ್ನು ಯಾರೂ ಗಮನಿಸಲಿಲ್ಲ. ಗಮನಿಸದ ಫಲವಾಗಿ ಚಳಿಗಾಲ ಬಂತೆಂದರೆ ಬಚ್ಚಲುಮನೆಯಲ್ಲಿ ಮೂರ್ಛೆಹೋಗಿ ಮತ್ತೆ ಏಳದವರ ಸುದ್ದಿ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಂಥವರಲ್ಲಿ ಹೆಚ್ಚಿನವರು ಆರೋಗ್ಯವಂತರು, ವಯಸ್ಸಿನಲ್ಲಿ ಚಿಕ್ಕವರು. ಮಗುವಿಗೆ ನೀರೆರೆಯಲು ಹೋದ ತಾಯಿ ಮಗುವಿನೊಡನೆಯೇ ಹೋದ ಸುದ್ದಿಯನ್ನೂ ನಾವು ಓದಬೇಕಾಗಿದೆ. ಆದುದರಿಂದ ಧರ್ಮ, ಸಾಹಿತ್ಯಗಳ ಈ ಪುಟಗಳಲ್ಲಿ ಈ ಬಾರಿ ಬಚ್ಚಲುಮನೆಯ ಗವಾಕ್ಷಿಯ ವಿಚಾರವನ್ನು ಬರೆಯುತ್ತಿದ್ದೇವೆ.

ಮಠದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಅಗ್ನಿಯ ಹೆಸರುಗಳು ಸಾಲಾಗಿ ನೆನಪಿಗೆ ಬರುತ್ತವೆ. ಅವುಗಳಲ್ಲಿ ಮೂರು ಹೆಸರುಗಳು ನಮ್ಮ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದವು. ಒಂದು ‘ವಾಯುಸಖ’, ಎಂದರೆ ಗಾಳಿಯ ಗೆಳೆಯ. ಇನ್ನೊಂದು ‘ಕೃಷ್ಣವರ್ತ್ಮ’, ಎಂದರೆ ಹೋದ ಹಾದಿಯನ್ನೆಲ್ಲ ಕಪ್ಪಾಗಿಸುವವನು. ಮತ್ತೊಂದು ‘ಆಶ್ರಯಾಶ’, ಎಂದರೆ ತನಗೆ ಆಶ್ರಯ ಕೊಟ್ಟುದನ್ನೇ ತಿನ್ನುವವನು. ಬಾಲ್ಯದಲ್ಲಿ ಇವು ಕೇವಲ ಪರ್ಯಾಯ ಪದಗಳಾಗಿದ್ದವು. ಈಗ ಯೋಚಿಸಿದರೆ ಒಲೆ ಕಟ್ಟುವವನಿಗೆ ಬೇಕಾದ ಅರ್ಧ ಶಾಸ್ತ್ರವೇ ಈ ಮೂರು ಹೆಸರುಗಳಲ್ಲಿದೆ ಎನಿಸುತ್ತದೆ. ಗೆಳೆಯನಿಲ್ಲದೆ ಅಗ್ನಿ ಬದುಕಲಾರ. ಅವನ ಕಪ್ಪು ಹಾದಿಗೆ ಮನೆಯಿಂದ ಹೊರಬೀಳುವ ಬಾಗಿಲೊಂದು ಬೇಕು. ಇವೆರಡನ್ನೂ ಕೊಡದಿದ್ದರೆ ಅವನು ಆಶ್ರಯವಿತ್ತವರನ್ನೇ ತಿನ್ನುತ್ತಾನೆ.

ಹಿರಿಯರ ಬಚ್ಚಲು

ನಮ್ಮ ಹಳೆಯ ಮನೆಗಳನ್ನು ಕಟ್ಟಿದವರು ರಸಾಯನಶಾಸ್ತ್ರ ಓದಿದವರಲ್ಲ. ಆದರೂ ಅವರ ಬಚ್ಚಲುಮನೆಯನ್ನು ಒಮ್ಮೆ ಲಕ್ಷ್ಯವಿಟ್ಟು ನೋಡಬೇಕು. ಅದು ಸಾಮಾನ್ಯವಾಗಿ ಮನೆಯ ಹಿಂಬದಿಗೆ, ಹಿತ್ತಿಲಿಗೆ ತಾಗಿಕೊಂಡಿರುತ್ತಿತ್ತು. ಹಂಡೆಯನ್ನು ಮಣ್ಣಿನ ಒಲೆಯಲ್ಲಿ ಕೂರಿಸಿ ಸುತ್ತ ಮೆತ್ತುತ್ತಿದ್ದರು. ಅನೇಕ ಮನೆಗಳಲ್ಲಿ ಒಲೆಯ ಬಾಯಿ ಹಿತ್ತಿಲ ಕಡೆಗೇ ಇರುತ್ತಿತ್ತು. ಸೌದೆ ಒಡ್ಡುವವರು ಹೊರಗೆ, ಮೀಯುವವರು ಒಳಗೆ. ಒಲೆಯ ಬಾಯಿ ಒಳಗಿದ್ದ ಮನೆಗಳಲ್ಲಿ ಹೆಂಚುಗಳ ಸಂದಿನಿಂದ, ಗೋಡೆಯ ಮೇಲ್ತುದಿಯ ಕಿಂಡಿಯಿಂದ ಹೊಗೆ ಹೊರಗೆ ಹೋಗುತ್ತಿತ್ತು. ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಬೆಳಕನ್ನು ಒಳಗೆ ಬಿಟ್ಟು ಹೊಗೆಯನ್ನು ಹೊರಗೆ ಕಳಿಸುವ ಎರಡು ಕೆಲಸವನ್ನೂ ಮಾಡುತ್ತಿತ್ತು. ಬಾಗಿಲೋ, ಮೂರು ಹಲಗೆ ಜೋಡಿಸಿದ್ದು. ಕೆಳಗೆ ನಾಲ್ಕು ಬೆರಳು ಸಂದು ಇದ್ದೇ ಇರುತ್ತಿತ್ತು. ಹೀಗೆ ಕೆಳಗಿನಿಂದ ತಂಪು ಗಾಳಿ ಒಳಬಂದು, ಬೆಂಕಿಗೆ ಉಣಿಸಿ, ಬಿಸಿಯಾಗಿ ಮೇಲಿನಿಂದ ಹೊರಹೋಗುವ ಒಂದು ಪ್ರವಾಹ ತಾನಾಗಿಯೇ ಏರ್ಪಡುತ್ತಿತ್ತು.

ಈ ವ್ಯವಸ್ಥೆಯನ್ನು ನಾವು ಸ್ವರ್ಗಸಮಾನವೆಂದು ಹೊಗಳುತ್ತಿಲ್ಲ. ಹಿಂದಿನದೆಲ್ಲ ಸರಿ ಎಂಬ ವಾದ ನಮಗೆ ಒಪ್ಪಿಗೆಯಿಲ್ಲ. ಆ ಹೊಗೆಯಲ್ಲಿ ಕಣ್ಣು ಕಳೆದುಕೊಂಡವರು, ಕೆಮ್ಮಿ ಕೆಮ್ಮಿ ಎದೆಗೂಡು ಸೋತ ಅಜ್ಜಿಯರು ಎಷ್ಟು ಜನ! ಆದರೆ ಹೊಗೆಗೆ ಒಂದು ಗುಣವಿತ್ತು. ಅದು ತಾನು ಬಂದಿದ್ದೇನೆಂದು ಹೇಳಿಯೇ ಬರುತ್ತಿತ್ತು. ಕಣ್ಣುರಿ ತಾಳಲಾರದೆ ಜನ ಬಾಗಿಲು ತೆರೆಯುತ್ತಿದ್ದರು.

ಮುಂದೆ ಮೈಸೂರು, ಬೆಂಗಳೂರು ಕಡೆಯ ಪಟ್ಟಣದ ಮನೆಗಳಿಗೆ ತಾಮ್ರದ ಬಾಯ್ಲರ್ ಬಂದಿತು. ಎತ್ತರದ ಕೊಳಗದಂಥ ಪಾತ್ರೆ. ನಡುವೆ ಆರಪಾರ ಒಂದು ನಳಿಗೆ. ನಳಿಗೆಯ ತಳದಲ್ಲಿ ಕಂಬಿಗಳ ಜಾಲರಿ. ಅದರ ಕೆಳಗೆ ಬೂದಿ ಬೀಳುವ ತಟ್ಟೆ. ಇದ್ದಿಲು, ತೆಂಗಿನ ಚಿಪ್ಪು, ಸೌದೆಚೂರು ಏನು ಹಾಕಿದರೂ ಉರಿಯುತ್ತಿತ್ತು. ಬೂದಿಯನ್ನು ತೆಗೆಯದೆ ಬಿಟ್ಟರೆ ಬೆಂಕಿ ಮಂಕಾಗುವುದನ್ನು ಅದನ್ನು ಬಳಸಿದವರೆಲ್ಲ ಬಲ್ಲರು. ಕಾರಣ ಸರಳ, ಗಾಳಿ ಜಾಲರಿಯ ಕೆಳಗಿನಿಂದ ಬರಬೇಕು, ಬೂದಿ ಆ ದಾರಿಯನ್ನು ಕಟ್ಟುತ್ತದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಸೌದೆ ಒಲೆಯನ್ನು ಸುಧಾರಿಸಲು ಹೊರಟಾಗಲೂ ಹಿಡಿದದ್ದು ಈ ಸೂತ್ರವನ್ನೇ. ಒಲೆಯನ್ನು ಮುಚ್ಚಿ, ಜಾಲರಿಯ ಮೂಲಕ ಬೇಕಾದಷ್ಟೇ ಗಾಳಿ ಕೊಟ್ಟು, ಹೊಗೆಯನ್ನು ನಳಿಗೆಯಿಂದ ಛಾವಣಿಯಾಚೆಗೆ ಕಳಿಸಿದರು. ‘ಅಸ್ತ್ರ ಒಲೆ’ ಎಂಬ ಹೆಸರಿನಿಂದ ಅದು ನಾಡಿನ ಅನೇಕ ಅಡುಗೆಮನೆಗಳನ್ನು ಹೊಕ್ಕಿತು. ಗಾಳಿ ಬರುವ ದಾರಿ, ಹೋಗುವ ದಾರಿ ಎರಡನ್ನೂ ಲೆಕ್ಕಹಾಕಿ ಕಟ್ಟಿದ ಒಲೆಯದು.

ಆಮೇಲೆ ಅಡುಗೆ ಅನಿಲ ಬಂತು. ಹೊಗೆಯಿಲ್ಲ, ಮಸಿಯಿಲ್ಲ, ಬೂದಿಯಿಲ್ಲ. ಕೃಷ್ಣವರ್ತ್ಮನ ಕಪ್ಪು ಹಾದಿಯೇ ಕಾಣದಾಯಿತು. ಹಾದಿ ಕಾಣದಿದ್ದ ಮೇಲೆ ಅದಕ್ಕೆ ಬಾಗಿಲೇಕೆ ಎಂದು ಜನ ಭಾವಿಸಿದರು. ನಮ್ಮ ಅಭಿಪ್ರಾಯದಲ್ಲಿ ಇಂದಿನ ಎಲ್ಲ ಅನಾಹುತಗಳ ಬೇರು ಇರುವುದು ಇಲ್ಲಿಯೇ. ಹೊಗೆಯನ್ನೇ ವಿಷವೆಂದು ತಿಳಿದ ನಾವು, ಹೊಗೆ ನಿಂತೊಡನೆ ವಿಷವೂ ನಿಂತಿತೆಂದುಕೊಂಡೆವು. ಹಿತ್ತಿಲಿಗೆ ಮುಖಮಾಡಿದ್ದ ಬೆಂಕಿಯನ್ನು ತಂದು ಮೀಯುವವರ ಜೊತೆಗೆ ಒಂದೇ ಕೋಣೆಯಲ್ಲಿಟ್ಟು ಚಿಲಕ ಹಾಕಿದೆವು.

ಒಂದು ಸಣ್ಣ ಲೆಕ್ಕ

ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕ, 78 ಪಾಲು ಸಾರಜನಕ. ಮುಚ್ಚಿದ ಗಾಜಿನ ಗಡಿಗೆಯೊಳಗೆ ಮೇಣದಬತ್ತಿ ಆರಿಹೋಗುವುದನ್ನೂ, ಇಲಿ ಉಸಿರುಗಟ್ಟಿ ಬೀಳುವುದನ್ನೂ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1770ರ ದಶಕದ ಆರಂಭದಲ್ಲಿ ಪ್ರಯೋಗ ಮಾಡಿ ನೋಡಿದನು. ಉರಿಯುವುದಕ್ಕೂ ಉಸಿರಾಡುವುದಕ್ಕೂ ಬೇಕಾದುದು ಗಾಳಿಯ ಅದೇ ಒಂದು ಅಂಶವೆಂಬುದನ್ನು ಫ್ರಾನ್ಸಿನ ಲವಾಸಿಯೆ ಸ್ಪಷ್ಟಪಡಿಸಿದನು. ಎಂದರೆ ಬಚ್ಚಲಲ್ಲಿ ಗೀಸರ್ ಉರಿಯುತ್ತಿರುವಾಗ ಅಲ್ಲಿರುವುದು ಒಬ್ಬರಲ್ಲ. ಮೀಯುವವರ ತಟ್ಟೆಯಿಂದಲೇ ಅನ್ನವನ್ನು ಎತ್ತಿಕೊಳ್ಳುವ ಇನ್ನೊಬ್ಬ ಅತಿಥಿಯೂ ಅಲ್ಲಿದ್ದಾನೆ. ಅವನ ಹಸಿವು ಎಷ್ಟೆಂಬುದನ್ನು ನೋಡೋಣ.

ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿಸುವ ಗೀಸರಿನ ಉರಿ ಸುಮಾರು 12 ಕಿಲೋವಾಟ್ ಇರಬೇಕಾಗುತ್ತದೆ. ಗೃಹಿಣಿಯರಿಗೆ ತಿಳಿಯುವಂತೆ ಹೇಳುವುದಾದರೆ, ಅಡುಗೆ ಒಲೆಯ ದೊಡ್ಡ ಉರಿಗಳನ್ನು ನಾಲ್ಕೈದು ಒಟ್ಟಿಗೆ ಪೂರ್ತಿ ತಿರುಗಿಸಿಟ್ಟಂತೆ. ಒಂದು ಗಂಟೆ ಎಡೆಬಿಡದೆ ಉರಿದರೆ ಅದು ಒಂದು ಕಿಲೋಗ್ರಾಮಿಗೆ ತುಸು ಕಡಿಮೆ ಅನಿಲವನ್ನು ಸುಡುತ್ತದೆ. ಒಂದು ಕಿಲೋಗ್ರಾಂ ಅನಿಲ ಪೂರ್ತಿಯಾಗಿ ಉರಿಯಲು ಬೇಕಾದ ಗಾಳಿ ಸುಮಾರು 15 ಕಿಲೋಗ್ರಾಂ. ಅಳತೆಯಲ್ಲಿ 12ರಿಂದ 13 ಘನ ಮೀಟರ್. ಗಾಳಿಗೆ ತೂಕವಿಲ್ಲವೆಂದು ತಿಳಿದವರಿಗೆ ಈ ಸಂಖ್ಯೆ ಅಚ್ಚರಿ ತರಬಹುದು.

ಈಗ ಬಚ್ಚಲನ್ನು ಅಳೆಯೋಣ. ನಗರದ ಮನೆಗಳಲ್ಲಿ 7 ಅಡಿ ಉದ್ದ, 5 ಅಡಿ ಅಗಲ, 8 ಅಡಿ ಎತ್ತರದ ಬಚ್ಚಲು ಸಾಧಾರಣ. ಅದರ ಒಳಜಾಗ 280 ಘನ ಅಡಿ, ಎಂದರೆ ಸುಮಾರು 8 ಘನ ಮೀಟರ್. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಹತ್ತು ನಿಮಿಷದ ಸ್ನಾನದಲ್ಲಿ ಗೀಸರ್ ಸುಮಾರು 2 ಘನ ಮೀಟರ್ ಗಾಳಿಯ ಆಮ್ಲಜನಕವನ್ನು ನುಂಗುತ್ತದೆ. ಕೋಣೆಯ ಗಾಳಿಯಲ್ಲಿ ಕಾಲು ಭಾಗ! 21 ಪಾಲಿದ್ದ ಆಮ್ಲಜನಕ 16ರ ಆಸುಪಾಸಿಗೆ ಇಳಿಯಬೇಕು. ಯಾವ ಕೋಣೆಯೂ ಗಡಿಗೆಯಂತೆ ಪೂರ್ತಿ ಮುಚ್ಚಿರುವುದಿಲ್ಲವಾದುದರಿಂದ ಎಲ್ಲೆಡೆಯೂ ಅಷ್ಟು ಇಳಿಯದೆ ಇರಬಹುದು. ಆದರೆ ಒಬ್ಬರ ಹಿಂದೆ ಒಬ್ಬರು ನಾಲ್ವರು ಸ್ನಾನ ಮಾಡುವ ಹಬ್ಬದ ಬೆಳಗನ್ನು ನೆನೆಯಿರಿ.

ಅಮೆರಿಕದಲ್ಲಿ ಮನೆಯ ಬಾಯ್ಲರ್, ನೀರಿನ ಹೀಟರುಗಳಿಗೆ ಅನ್ವಯಿಸುವ ರಾಷ್ಟ್ರೀಯ ಇಂಧನಾನಿಲ ಸಂಹಿತೆಯಲ್ಲಿ ಒಂದು ಹಳೆಯ ನಿಯಮವಿದೆ. ಗಂಟೆಗೆ 1000 ಬಿಟಿಯು ಶಾಖ ಕೊಡುವ ಉರಿಗೆ ಕನಿಷ್ಠ 50 ಘನ ಅಡಿ ಕೋಣೆ ಇರಬೇಕು. ಇಲ್ಲದಿದ್ದರೆ ಹೊರಗಿನ ಗಾಳಿಯನ್ನು ಕಿಂಡಿಯಿಟ್ಟು ತರಬೇಕು. ನಮ್ಮ 12 ಕಿಲೋವಾಟ್ ಗೀಸರ್ ಗಂಟೆಗೆ ಸುಮಾರು 41,000 ಬಿಟಿಯು ಶಾಖದ್ದು. ಲೆಕ್ಕದಂತೆ ಅದಕ್ಕೆ 2,050 ಘನ ಅಡಿ ಬೇಕು. ಎಂದರೆ 16 ಅಡಿ ಉದ್ದ, 16 ಅಡಿ ಅಗಲ, 8 ಅಡಿ ಎತ್ತರದ ಒಂದು ಪಡಸಾಲೆ. ನಮ್ಮ ಬಚ್ಚಲು ಅದರ ಏಳನೆಯ ಒಂದು ಪಾಲೂ ಇಲ್ಲ. ಇಷ್ಟಾಗಿಯೂ ಆ ನಿಯಮ ಹೊಗೆನಳಿಗೆಯಿರುವ ಯಂತ್ರಕ್ಕೆ ಹೇಳಿದ್ದು. ನಮ್ಮಲ್ಲಿ ಬಚ್ಚಲೊಳಗೆ ತೂಗುಹಾಕುವ ಗೀಸರುಗಳಲ್ಲಿ ಹೆಚ್ಚಿನವಕ್ಕೆ ಹೊಗೆನಳಿಗೆಯೇ ಇಲ್ಲ. ಅದರ ಉಸಿರೆಲ್ಲ ಮೇಲಿನ ಸೀಳುಗಳಿಂದ ಕೋಣೆಯೊಳಕ್ಕೇ ಬೀಳುತ್ತದೆ. ಬಿಸಿಯಾದ ಆ ಉಸಿರು ಮೊದಲು ಛಾವಣಿಯಡಿ ಸೇರುತ್ತದೆ, ತುಂಬಿದಂತೆಲ್ಲ ಕೆಳಗಿಳಿಯುತ್ತದೆ, ಕೊನೆಗೆ ಗೀಸರ್ ತನ್ನ ಎಂಜಲು ಗಾಳಿಯನ್ನೇ ಮತ್ತೆ ಸೇದತೊಡಗುತ್ತದೆ. ಅಲ್ಲಿಂದ ಮುಂದೆ ಉರಿ ಕೆಡುತ್ತದೆ.

ಕೆಟ್ಟ ಉರಿಯ ಫಲ

ಅನಿಲದಲ್ಲಿರುವ ಇಂಗಾಲಕ್ಕೆ ಸಾಕಷ್ಟು ಆಮ್ಲಜನಕ ಸಿಕ್ಕರೆ ಅದು ಇಂಗಾಲದ ಡೈಆಕ್ಸೈಡ್ ಆಗುತ್ತದೆ; ಅರ್ಧ ಊಟವಷ್ಟೇ ಸಿಕ್ಕರೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಈ ಎರಡನೆಯದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಕಣ್ಣುರಿಯಿಲ್ಲ, ಕೆಮ್ಮಿಲ್ಲ. ಸಿಲಿಂಡರಿನ ಅನಿಲ ಸೋರಿದರೆ ಮೂಗಿಗೆ ತಿಳಿಯುವುದು ಅದಕ್ಕೆ ಬೇಕೆಂದೇ ದುರ್ವಾಸನೆಯನ್ನು ಬೆರೆಸಿರುವುದರಿಂದ. ಆ ವಾಸನೆ ಉರಿಯಲ್ಲಿ ಸುಟ್ಟುಹೋಗುತ್ತದೆ. ಆದುದರಿಂದ ‘ವಾಸನೆ ಬರಲಿಲ್ಲವಲ್ಲ’ ಎಂಬ ಮಾತು ಇಲ್ಲಿ ಯಾವ ಧೈರ್ಯವನ್ನೂ ಕೊಡಲಾರದು.

ನಮ್ಮ ನೆತ್ತರಿನ ಹಿಮೋಗ್ಲೋಬಿನ್ ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹೊತ್ತು ಅಂಗಾಂಗಗಳಿಗೆ ಮುಟ್ಟಿಸುವ ಹಮಾಲ. ಕಾರ್ಬನ್ ಮೊನಾಕ್ಸೈಡು ಈ ಹಮಾಲನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕು ಬಲವಾಗಿ ಹಿಡಿದುಕೊಳ್ಳುತ್ತದೆ. ಅದು ನೆತ್ತರಲ್ಲಿ ಆಮ್ಲಜನಕದ ಪೀಠವನ್ನು ಆಕ್ರಮಿಸುತ್ತದೆಂಬುದನ್ನು ಫ್ರಾನ್ಸಿನ ಕ್ಲಾಡ್ ಬರ್ನಾರ್ 1857ರ ವೇಳೆಗೇ ತೋರಿಸಿದ್ದನು. 1896ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಸ್ಫೋಟದ ನಂತರ ಸತ್ತವರನ್ನು ಪರೀಕ್ಷಿಸಿ, ಹೆಚ್ಚಿನವರನ್ನು ಕೊಂದದ್ದು ಬೆಂಕಿಯೋ ಪೆಟ್ಟೋ ಅಲ್ಲ, ಈ ಅನಿಲವೆಂದು ವರದಿ ಮಾಡಿದನು. ಸಣ್ಣ ಪ್ರಾಣಿಗಳ ಉಸಿರಾಟ ವೇಗವಾದುದರಿಂದ ಅವು ಮನುಷ್ಯನಿಗಿಂತ ಮೊದಲೇ ಕುಸಿಯುತ್ತವೆಂದು ಅವನು ಸೂಚಿಸಿದ ಮೇಲೆ ಕ್ಯಾನರಿ ಎಂಬ ಪುಟ್ಟ ಹಕ್ಕಿಯನ್ನು ಪಂಜರದಲ್ಲಿಟ್ಟು ಗಣಿಗೆ ಒಯ್ಯುವ ರೂಢಿ ಬಂದಿತು. 1986ರವರೆಗೂ ಬ್ರಿಟನ್ನಿನಲ್ಲಿ ಅದು ನಡೆದಿತ್ತು. ಹಕ್ಕಿಯ ಮಾತು ಹಾಗಿರಲಿ, ಎಳೆಯ ಮಕ್ಕಳ ಉಸಿರೂ ದೊಡ್ಡವರಿಗಿಂತ ವೇಗ ಎಂಬುದನ್ನು ತಾಯಂದಿರು ನೆನಪಿಡಬೇಕು. ಬಸುರಿಯರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಈ ಅನಿಲ ಮಾಸಿನ ಮೂಲಕ ಗರ್ಭದ ಶಿಶುವಿಗೂ ಹರಿಯುತ್ತದೆ, ಶಿಶುವಿನ ನೆತ್ತರು ಅದನ್ನು ತಾಯಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಲಕ್ಷಣಗಳು ಮೋಸಗೊಳಿಸುವಂಥವು. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಹಸಿವೆಯಿಂದಲೋ ಪಿತ್ತದಿಂದಲೋ ಆಗಿರಬೇಕೆಂದು ಜನ ತಿಳಿಯುತ್ತಾರೆ. ಉಪವಾಸವಿದ್ದು ಬೆಳಿಗ್ಗೆ ಸ್ನಾನಮಾಡಿ ಇಷ್ಟಲಿಂಗ ಪೂಜೆಗೆ ಕೂರುವ ನಮ್ಮ ಮನೆಗಳಲ್ಲಿ ಹಾಗೆ ತಿಳಿಯುವುದು ಇನ್ನೂ ಸುಲಭ. ಬಳಿಕ ಕಾಲಿನ ಶಕ್ತಿ ಕುಂದುತ್ತದೆ, ಬುದ್ಧಿ ಮಂಕಾಗುತ್ತದೆ. ಚಿಲಕ ಕೈಗೆಟುಕುವಷ್ಟು ಹತ್ತಿರವಿದ್ದರೂ ಅದನ್ನು ತೆಗೆಯಬೇಕೆಂಬ ಬುದ್ಧಿಯೂ, ತೆಗೆಯುವ ಬಲವೂ ಇರುವುದಿಲ್ಲ. ಬಚ್ಚಲಿನಲ್ಲಿ ಮೂರ್ಛೆಹೋಗಿ ಸೆಳವು ಬಂದವರನ್ನು ಅಪಸ್ಮಾರದ ರೋಗಿಗಳೆಂದು ಭಾವಿಸಿ, ಆಮೇಲೆ ಗೀಸರೇ ಕಾರಣವೆಂದು ಕಂಡುಕೊಂಡ ಪ್ರಸಂಗಗಳನ್ನು ನಮ್ಮ ದೇಶದ ನರರೋಗ ತಜ್ಞರು ವರದಿ ಮಾಡಿದ್ದಾರೆ. ಬದುಕುಳಿದವರಲ್ಲಿಯೂ ಕೆಲವರಿಗೆ ದಿನಗಳೋ ವಾರಗಳೋ ಕಳೆದ ಮೇಲೆ ಮರೆವು, ನಡಿಗೆಯ ತೊಡಕು, ಸ್ವಭಾವದ ಬದಲಾವಣೆ ಕಾಣಿಸುವುದುಂಟು. ಆದುದರಿಂದ ಮನೆಯಲ್ಲಿ ಯಾರಾದರೂ ಬಚ್ಚಲಿನಲ್ಲಿ ಮಾತ್ರ ಪದೇ ಪದೇ ತಲೆಸುತ್ತಿ ಬೀಳುತ್ತಿದ್ದರೆ ದೃಷ್ಟಿ ತೆಗೆಯುವ ಮೊದಲು ಗೀಸರಿನ ಕಡೆ ದೃಷ್ಟಿ ಹಾಯಿಸುವುದು ಒಳ್ಳೆಯದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. 2020-21ರ ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರು ಇಲ್ಲಿ ಸುಳ್ಳು ಹೇಳುತ್ತದೆ. ಕಾರ್ಬನ್ ಮೊನಾಕ್ಸೈಡು ಹಿಡಿದ ನೆತ್ತರಿಗೂ ಆಮ್ಲಜನಕ ಹೊತ್ತ ನೆತ್ತರಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು. ರೋಗಿ ಸಾವಿನಂಚಿನಲ್ಲಿದ್ದರೂ ಅದು 98 ಎಂದು ತೋರಿಸಬಹುದು. ಆ ಸಂಖ್ಯೆಯನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು.

ಏನು ಮಾಡಬೇಕು

ಎಲ್ಲಕ್ಕಿಂತ ಉತ್ತಮ ಉಪಾಯ ಹಿರಿಯರದೇ. ಬೆಂಕಿ ಹೊರಗೆ, ಮೀಯುವವರು ಒಳಗೆ. ಗೀಸರನ್ನೂ ಸಿಲಿಂಡರನ್ನೂ ಬಚ್ಚಲಿನ ಹೊರಗೋಡೆಗೆ, ಮಳೆ ಬೀಳದಂತೆ ಒಂದು ಸಣ್ಣ ಮಾಡು ಮಾಡಿ, ತೆರೆದ ಗಾಳಿಯಲ್ಲಿ ಕೂರಿಸಿ ಬಿಸಿನೀರಿನ ಕೊಳವೆಯನ್ನಷ್ಟೇ ಒಳಗೆ ತರಬೇಕು. ಹತ್ತಡಿ ಕೊಳವೆಗೆ ತಗಲುವ ಖರ್ಚು, ಕೊಳಾಯಿ ತಿರುಗಿಸಿದ ಮೇಲೆ ಒಂದೆರಡು ಚೊಂಬು ತಣ್ಣೀರು ಬರುವ ತೊಂದರೆ, ಇಷ್ಟೇ ನಷ್ಟ. ನೀರಿನ ರಭಸ ಸಾಲದೆಂದು ಕೆಲವು ಕೆಲಸಗಾರರು ಇದಕ್ಕೆ ಒಪ್ಪುವುದಿಲ್ಲ. ಒಪ್ಪಿಸಬೇಕು. ಮನೆಯ ಯಜಮಾನನು ಟೈಲ್ಸಿನ ಬಣ್ಣಕ್ಕಾಗಿ ನಾಲ್ಕು ಅಂಗಡಿ ಸುತ್ತುತ್ತಾನೆ. ಇದಕ್ಕಾಗಿ ನಾಲ್ಕು ಮಾತು ಆಡಲಾರನೇ?

ಬಹುಮಹಡಿ ಮನೆಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಕಟ್ಟುವಾಗ ಗೀಸರಿಗೆಂದು ತೆರೆದ ಯುಟಿಲಿಟಿ ಬಾಲ್ಕನಿ ಬಿಟ್ಟಿರುತ್ತಾರೆ. ವಾಸಕ್ಕೆ ಬಂದವರು ಧೂಳು, ಪಾರಿವಾಳಗಳ ಕಾಟಕ್ಕೆ ಬೇಸತ್ತು ಆ ಬಾಲ್ಕನಿಗೆ ಗಾಜಿನ ಕಿಟಕಿ ಹಾಕಿಸುತ್ತಾರೆ. ಹೊರಗಿದ್ದ ಗೀಸರ್ ಒಂದೇ ದಿನದಲ್ಲಿ ಒಳಗಿನದಾಗುತ್ತದೆ! ಗಾಜು ಹಾಕಿಸುವುದಾದರೆ ಮೇಲೆಯೂ ಕೆಳಗೆಯೂ ಮುಚ್ಚಲಾಗದ ತೆರಪು ಉಳಿಯಲೇಬೇಕು. ಹಾಗೆಯೇ ಗೀಸರಿನ ಹೊಗೆನಳಿಗೆಯನ್ನು ಕಟ್ಟಡದ ನಡುವಣ ಕಿರಿದಾದ ಗಾಳಿಬಾವಿಗೆ ಬಿಟ್ಟರೆ ಮೇಲಿನ ಮಹಡಿಯವರ ಗವಾಕ್ಷಿಯೂ ಅದೇ ಬಾವಿಗೆ ತೆರೆದಿರುತ್ತದೆಂಬುದನ್ನು ಮರೆಯಬಾರದು.

ಈಗಾಗಲೇ ಒಳಗಿರುವ ಗೀಸರನ್ನು ಸಾಗಿಸುವವರೆಗೆ ಏನು ಗತಿ? ನಾವು ಹೇಳುವುದು ಇಷ್ಟು. ಬಕೆಟ್ಟಿಗೆ ನೀರು ತುಂಬಿಕೊಳ್ಳುವಾಗ ಬಾಗಿಲು ಪೂರ್ತಿ ತೆರೆದಿರಲಿ. ತುಂಬಿದ ಮೇಲೆ ಗೀಸರನ್ನು ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಬಳಿಕ ಚಿಲಕ ಹಾಕಿ ಸ್ನಾನ ಮಾಡಿರಿ. ಬೆಂಕಿ ಉರಿಯುತ್ತಿರುವಾಗ ಚಿಲಕ ಹಾಕಲೇಬಾರದು. ಮಕ್ಕಳನ್ನು ಹಾಗೆ ಒಳಗೆ ಕಳಿಸಲೇಬಾರದು.

ಕಿಂಡಿಗಳ ವಿಚಾರದಲ್ಲಿ ಎರಡು ಬೇಕೆಂಬುದನ್ನು ಮನಗಾಣಬೇಕು. ಮೇಲಿನದು ಛಾವಣಿಯಿಂದ ಒಂದಡಿಯೊಳಗೆ, ಕೆಳಗಿನದು ನೆಲದಿಂದ ಒಂದಡಿಯೊಳಗೆ ಇರಬೇಕೆಂದು ಮೇಲೆ ಹೇಳಿದ ಸಂಹಿತೆಯೂ ವಿಧಿಸುತ್ತದೆ. ಒಂದೇ ಕಿಂಡಿಯಿದ್ದರೆ ಗಾಳಿ ಬರುವುದೋ ಹೋಗುವುದೋ ಎಂಬ ಜಗಳದಲ್ಲಿ ಎರಡೂ ಸರಿಯಾಗಿ ನಡೆಯುವುದಿಲ್ಲ. ಕೆಳಗಿನ ಕಿಂಡಿಯಿಂದ ಇನ್ನೊಂದು ಉಪಕಾರವಿದೆ. ಸಿಲಿಂಡರಿನ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲದ ಮೇಲೆ ನೀರಿನಂತೆ ಹರಡಿ ನಿಲ್ಲುತ್ತದೆ, ಕೆಳಗೆ ದಾರಿಯಿದ್ದರೆ ಹೊರಹೋಗುತ್ತದೆ. ಈಗ ಬೆಂಗಳೂರಿನಂಥ ನಗರಗಳಲ್ಲಿ ಕೊಳವೆಯಿಂದ ಬರುವ ನೈಸರ್ಗಿಕ ಅನಿಲವಾದರೋ ಗಾಳಿಗಿಂತ ಹಗುರ. ಅದು ಛಾವಣಿಯಡಿ ಸೇರುತ್ತದೆ. ಎರಡಕ್ಕೂ ಎರಡು ಕಿಂಡಿ ಒದಗುತ್ತವೆ.

ಕಿಂಡಿಯಿದೆಯೆಂದು ನೆಮ್ಮದಿಯಿಂದಿರುವಂತಿಲ್ಲ. ಅದರ ಅಳತೆಗಿಂತ ಅದರೊಳಗಿನ ತೆರಪು ಮುಖ್ಯ. ಕಬ್ಬಿಣದ ಓರೆಪಟ್ಟಿಗಳ ಕಿಂಡಿಯಾದರೆ ಮುಕ್ಕಾಲು ಪಾಲು, ಮರದ ಪಟ್ಟಿಗಳದಾದರೆ ಕಾಲು ಪಾಲು ಮಾತ್ರ ತೆರಪೆಂದು ಲೆಕ್ಕ ಹಿಡಿಯುವ ರೂಢಿಯಿದೆ. ಸೊಳ್ಳೆಪರದೆ ಬಡಿದರಂತೂ ತೀರಿತು. ಆ ಸಣ್ಣ ಕಣ್ಣುಗಳಲ್ಲಿ ಧೂಳು, ಜೇಡರ ಬಲೆ, ಸಾಬೂನಿನ ಜಿಡ್ಡು ಸೇರಿ ಆರು ತಿಂಗಳಲ್ಲಿ ಅದು ಬಟ್ಟೆಯಾಗುತ್ತದೆ. ಕಾಲಂಗುಲಕ್ಕಿಂತ ಸಣ್ಣ ಕಣ್ಣಿನ ಬಲೆ ಬೇಡ. ಚಳಿಯಾಗುತ್ತದೆಂದು ಹಳೆಯ ಸೀರೆಯನ್ನು, ರಟ್ಟನ್ನು ತುರುಕುವ ಅಭ್ಯಾಸವನ್ನಂತೂ ಏನೆಂದು ಹೇಳುವುದು? ಮಾಗಿಯ ಚಳಿ ಯಾರನ್ನೂ ಬಚ್ಚಲಲ್ಲಿ ಕೊಂದಿಲ್ಲ.

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನುವವರಿದ್ದಾರೆ. ಗಾಳಿಯನ್ನು ಹೊರಗೆ ನೂಕುವ ಫ್ಯಾನಿಗೆ ಒಳಗೆ ಬರುವ ಗಾಳಿ ಎಲ್ಲಿಂದ? ಕೆಳಗೆ ದಾರಿಯಿಲ್ಲದೆ ಫ್ಯಾನ್ ತಿರುಗಿದರೆ ಅದು ಎಲ್ಲಿ ಸಂದು ಸಿಕ್ಕರೆ ಅಲ್ಲಿಂದ ಎಳೆಯುತ್ತದೆ. ಗೀಸರಿಗೆ ಹೊಗೆನಳಿಗೆಯಿದ್ದರೆ ಆ ನಳಿಗೆಯಿಂದಲೇ ಹೊಗೆಯನ್ನು ಮರಳಿ ಒಳಗೆ ಎಳೆದೀತು. ಅಡುಗೆಮನೆಯ ವಿದ್ಯುತ್ ಚಿಮಣಿಗೂ ಈ ಮಾತು ಸಲ್ಲುತ್ತದೆ. ಇನ್ನು ಕೆಲವು ಗೀಸರುಗಳಲ್ಲಿ ಆಮ್ಲಜನಕ ಸುಮಾರು 18 ಪಾಲಿಗೆ ಇಳಿದೊಡನೆ ಅನಿಲವನ್ನು ತಡೆಯುವ ರಕ್ಷಕ ಸಾಧನ ಇರುತ್ತದೆ. ಕೊಳ್ಳುವಾಗ ಐಎಸ್‌ಐ ಗುರುತಿನೊಡನೆ ಅದನ್ನೂ ಕೇಳಿ ಕೊಳ್ಳಬೇಕು. ಆದರೆ ಅದು ಅಳೆಯುವುದು ಆಮ್ಲಜನಕವನ್ನು, ವಿಷವನ್ನಲ್ಲ. ಉರಿಯ ರಂಧ್ರಗಳಲ್ಲಿ ಮಸಿ, ಹುಳು, ತುಕ್ಕು ಸೇರಿದ್ದರೆ ಗಾಳಿ ಧಾರಾಳವಿದ್ದರೂ ವಿಷ ಹುಟ್ಟುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದೊಡನೆ, ತಿಳಿದವರಿಂದ ಬಿಚ್ಚಿಸಿ ತೊಳೆಸಬೇಕು. ಉರಿ ನೀಲಿಯಾಗಿರಬೇಕು, ಹಳದಿಯಾಗಿ ನಾಲಗೆ ಚಾಚತೊಡಗಿದರೆ, ಪೆಟ್ಟಿಗೆಯ ಮೇಲ್ಗಡೆ ಕಪ್ಪು ಕಲೆ ಕಂಡರೆ, ಆ ದಿನವೇ ನಿಲ್ಲಿಸಬೇಕು.

ಒಳಗೆ ಹೋದವರು ಕರೆದರೆ ಓಗೊಡದಿದ್ದಾಗ ಬಾಗಿಲನ್ನು ಒಡೆಯಲು ಹಿಂಜರಿಯಬಾರದು. ಮೊದಲು ಸಿಲಿಂಡರಿನ ಕೀಲಿಯನ್ನು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಬಿದ್ದವರನ್ನು ಬಯಲಿಗೆ ಎಳೆದು ತಂದು, 108ಕ್ಕೆ ಕರೆಮಾಡಿ. ಎತ್ತಲು ಹೋದವರೂ ಒಳಗೇ ನಿಲ್ಲಬಾರದು. ವೈದ್ಯರಿಗೆ ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂಬ ಒಂದು ವಾಕ್ಯ ಹೇಳಿದರೆ ಅರ್ಧ ಚಿಕಿತ್ಸೆ ಆದಂತೆ. ಸಾಮಾನ್ಯ ಗಾಳಿಯಲ್ಲಿ ನೆತ್ತರಿನ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು.

ಹೊರನಾಡಿನಲ್ಲಿರುವ ನಮ್ಮ ಮಕ್ಕಳಿಗೂ ಇದು ದೂರದ ವಿಷಯವಲ್ಲ. ಬ್ರಿಟನ್ನಿನಲ್ಲಿ ಬಾಯ್ಲರ್ ಮನೆಯನ್ನೇ ಬೆಚ್ಚಗಿಡುವ ಯಂತ್ರ. 1998ರ ಅಲ್ಲಿನ ಅನಿಲ ಸುರಕ್ಷತಾ ನಿಯಮಗಳ ಪ್ರಕಾರ ಬಚ್ಚಲಿನಲ್ಲಿ ಹೊಸದಾಗಿ ಅನಿಲ ಯಂತ್ರ ಕೂರಿಸುವುದಾದರೆ ಅದು ಕೋಣೆಯ ಗಾಳಿಯನ್ನು ಮುಟ್ಟದಂಥದಾಗಿರಬೇಕು. ಒಂದರೊಳಗೊಂದು ಇರುವ ಎರಡು ಕೊಳವೆಗಳಿಂದ ಅದು ಹೊರಗಿನ ಗಾಳಿಯನ್ನೇ ಸೇದಿ ಹೊರಕ್ಕೇ ಉಸಿರು ಬಿಡುತ್ತದೆ. 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯಲ್ಲಿ ಅನಿಲ ಬಾಯ್ಲರ್ ಇರುವ ಕೋಣೆಗೆ ಕಾರ್ಬನ್ ಮೊನಾಕ್ಸೈಡಿನ ಎಚ್ಚರಿಕೆ ಗಂಟೆಯನ್ನು ಒದಗಿಸುವುದು ಮಾಲೀಕನ ಹೊಣೆ. ಅಮೆರಿಕದಲ್ಲಿ ನೆಲಮಾಳಿಗೆಯ ಬಾಯ್ಲರ್ ಸುತ್ತ ಹೊಸ ಗೋಡೆ ಎಬ್ಬಿಸಿ ಮಕ್ಕಳ ಆಟದ ಕೋಣೆ ಮಾಡುವಾಗಲೂ, ಹಿಮಪಾತದಲ್ಲಿ ಗೋಡೆಯಾಚೆಯ ನಳಿಗೆಯ ಬಾಯಿ ಮುಚ್ಚಿಹೋದಾಗಲೂ ಅದೇ ಅಪಾಯ. ಚಳಿಗಾಲದಲ್ಲಿ ಮಗನ ಮನೆಗೆ ಹೋದ ತಂದೆತಾಯಿಗಳು ಆ ಎಚ್ಚರಿಕೆ ಗಂಟೆ ಎಲ್ಲಿದೆಯೆಂದು ಕೇಳಿಕೊಳ್ಳಬಹುದು. ಅಂಥ ಗಂಟೆ ಈಗ ನಮ್ಮಲ್ಲಿಯೂ ದೊರೆಯುತ್ತದೆ. ಅದನ್ನು ತೇವವಿರುವ ಬಚ್ಚಲೊಳಗಲ್ಲ, ಹೊರಬಾಗಿಲ ಬಳಿ ಹಾಕಬೇಕು. ಬಚ್ಚಲಿನ ಬಾಗಿಲು ಬಿಗಿಯಾಗಿದ್ದರೆ ಅದು ತಡವಾಗಿ ಕೂಗುತ್ತದೆ. ಆದ್ದರಿಂದ ಗಂಟೆಯಿದೆಯೆಂದು ಕಿಂಡಿ ಮುಚ್ಚುವಂತಿಲ್ಲ.

ಕಡೆಯದಾಗಿ ಬಾಣಂತಿಯ ಕೋಣೆ. ಗೀಸರ್ ಇಲ್ಲದ ಹಳ್ಳಿಯ ಮನೆಗಳಲ್ಲಿಯೂ ಈ ಅನಿಲ ಹುಟ್ಟುವ ಸ್ಥಳವಿದು. ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲು ಮುಚ್ಚಿ, ಹೊರಸಿನ ಕೆಳಗೆ ಅಗ್ಗಿಷ್ಟಿಕೆಯಿಟ್ಟು ತಾಯಿ ಮಗುವಿಗೆ ಕಾವು ಕೊಡುವ ಪದ್ಧತಿ ಹಲವೆಡೆ ಇನ್ನೂ ಇದೆ. ನಿಗಿನಿಗಿ ಕೆಂಡಕ್ಕೆ ಹೊಗೆಯಿಲ್ಲ, ವಿಷವಿದೆ. ಹಳೆಯ ಮನೆಯ ಹೆಂಚಿನ ಸಂದು ಆ ವಿಷವನ್ನು ಹೊರಗೆ ಬಿಡುತ್ತಿತ್ತು, ಇಂದಿನ ಆರ್‌ಸಿಸಿ ಛಾವಣಿ ಬಿಡುವುದಿಲ್ಲ. ಕಾವು ಬೇಕೇ ಬೇಕಾದರೆ ಬಿಸಿನೀರಿನ ಚೀಲವಿದೆ, ಬಿಸಿಲಿದೆ, ಬೆಚ್ಚನೆಯ ಬಟ್ಟೆಯಿದೆ. ಕೂಸಿನ ತಲೆ ಆರಿಸಲು ಲೋಬಾನದ ಕೆಂಡವನ್ನು ತರುವ ಅಜ್ಜಿಯಂದಿರು ಬಾಗಿಲು ತೆರೆದಿಟ್ಟುಕೊಂಡು, ಕೆಲಸ ಮುಗಿದೊಡನೆ ಕೆಂಡವನ್ನು ಅಂಗಳಕ್ಕೆ ಒಯ್ದು ನೀರು ಹೊಯ್ಯಲಿ.